ಚಪ್ಪಲಿ, ಮೊಬೈಲ್ ಹೊರಗೆ

2024ರ ಜೂನ್ 11, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಸವಣೂರಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಮುನವ್ವರಾ ಪ್ರಾಯೋಗಿಕ ಪರೀಕ್ಷೆಗೆ ಕುಳಿತ ಮೂರನೇ ನಿಮಿಷಕ್ಕೆ ಪರದೆಯ ಮೇಲೆ ಅಕ್ಷರ ಮೂಡಿತು: 'ನವೀಕರಣ ನಡೆಯುತ್ತಿದೆ. ಆಫ್ ಮಾಡಬೇಡಿ. ಶೇಕಡಾ 7.'

"ಸುಮ್ನ ಕುಂದರು," ಎಂದರು ಕೇಂದ್ರದ ಮಾಲೀಕ ಮೃತ್ಯುಂಜಯ. "ಆಪರೇಟಿಂಗ್ ಸಿಸ್ಟಮ್ ಅಂದ್ರ ಮನಿ ಯಜಮಾನ. ಅಂವ ಜಳಕ ಮಾಡಿ ಬರೂತನಕ ಕಾಯಬೇಕು."

ಆರು ತಿಂಗಳ ಕೋರ್ಸಿನಲ್ಲಿ ನಾಲ್ಕು ತಿಂಗಳು ಅವರು ಈ ಯಜಮಾನನನ್ನೇ ಕಲಿಸಿದ್ದರು. ಉಳಿದ ಹದಿನೈದು ಮಂದಿ ಬೇರೆ ಯಂತ್ರಗಳಲ್ಲಿ ಪರೀಕ್ಷೆ ಬರೆಯುತ್ತಿದ್ದರು; ಕೇಂದ್ರದಲ್ಲಿ ನೆಟ್ ಇದ್ದದ್ದು ಮುನವ್ವರಾ ಕುಳಿತ ಒಂದೇ ಯಂತ್ರಕ್ಕೆ. ಬಾಗಿಲ ಮೇಲೆ ಬೋರ್ಡು: 'ಚಪ್ಪಲಿ, ಮೊಬೈಲ್ ಹೊರಗೆ.' ತಡಸದ ಸಹಕಾರಿ ಸಂಘದ ಕೆಲಸ ಸಿಗಬೇಕಾದರೆ ಮುನವ್ವರಾಳಿಗೆ ನೂರಕ್ಕೆ ಮೂವತ್ತೈದು ಬೇಕು. ಎಲ್ಲರ ಅಂಕಗಳೂ ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಪರೀಕ್ಷಾ ಮಂಡಳಿಯ ಜಾಲತಾಣ ಸೇರಬೇಕು.

11:15ಕ್ಕೆ ಶೇಕಡಾ 19. ಅವಳು ಪ್ರಶ್ನೆಪತ್ರಿಕೆ ಹಿಡಿದು ಹೊರಗೆ ಹೋದಳು. ಚಪ್ಪಲಿಗಳ ಪಕ್ಕ ಮೆಟ್ಟಿಲ ಮೇಲೆ ಕುಳಿತು, ಮೊಬೈಲಿನ ಬ್ರೌಸರ್ ತೆರೆದು, ಕೇಳಿದ ಪ್ರೋಗ್ರಾಮನ್ನು ಅದರಲ್ಲೇ ಬರೆದಳು. ಉತ್ತರ ಸರಿಯಾಗಿಯೇ ಬಂತು.

"ಇದು ನಡ್ಯಂಗಿಲ್ಲ," ಎಂದರು ಬಾಗಿಲಿಗೆ ಬಂದ ಮೃತ್ಯುಂಜಯ.

"ಯಾಕ್ರಿ ಸರ್? ಇದ ಪ್ರೋಗ್ರಾಮ್ ನಮ್ಮಕ್ಕನ ಹಳೇ ಲ್ಯಾಪ್‌ಟಾಪಿನ್ಯಾಗೂ ಓಡ್ತೈತಿ, ನಿಮ್ಮ ಯಂತ್ರದಾಗೂ ಓಡ್ತೈತಿ."

"ಯಾರ ಮನ್ಯಾಗ ಬೇಕಾದ್ರೂ ಓಡ್ತೈತಿ ಅಂದ್ರ ಅದಕ್ಕ ಶಿಸ್ತ್ ಇಲ್ಲ ಅಂತ ಆತು. ನೀ ಸಿಸ್ಟಮ್ ಮುಟ್ಟೇ ಇಲ್ಲ. ಸೊನ್ನಿ."

11:50. ಯಜಮಾನನ ಜಳಕ ಮುಗಿದಿರಲಿಲ್ಲ. ಮೃತ್ಯುಂಜಯ ಗುಂಡಿ ಒತ್ತುವ, ನೆಟ್ ಇಲ್ಲದ ತಮ್ಮ ಫೋನನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದರು.

"ಮುನವ್ವರಾ, ನಿನ್ನ ಮೊಬೈಲ್ ಕೊಡು. ಅಂಕಾ ಹೋಗ್ಲಿಲ್ಲಂದ್ರ ಹದಿನಾರೂ ಮಂದಿ ಗೈರಹಾಜರ್ ಆಗ್ತೀರಿ."

"ಇದರಾಗ ಮಾಡಿದ್ದು ನಡ್ಯಂಗಿಲ್ಲ ಅಂದ್ರಲ್ರಿ."

"ಅದು ಪರೀಕ್ಷಾ. ಇದು ಆಫೀಸ್ ಕೆಲಸ."

"ಒಳಗ ತರಂಗಿಲ್ರಿ ಸರ್. ಬೋರ್ಡ್ ಐತಿ."

ಅವರು ಬರಿಗಾಲಲ್ಲಿ ಬಂದು ಮೆಟ್ಟಿಲ ಮೇಲೆ, ಚಪ್ಪಲಿಗಳ ನಡುವೆ ಕುಳಿತರು. ಹದಿನೈದು ಹೆಸರು ಮುಗಿದವು. ಕೊನೆಯ ಹೆಸರಿಗೆ ಅವರ ಬೆರಳು ಪರದೆಯ ಮೇಲೆ ತಡವರಿಸಿತು.

"ಸೊನ್ನಿ ಹಾಕೂದು ಇಲ್ಲಿರಿ ಸರ್," ಎಂದು ಮುನವ್ವರಾ ಜಾಗ ತೋರಿಸಿದಳು.

ಹಾಕಿದರು. 11:58ಕ್ಕೆ ಜಾಲತಾಣ ಸ್ವೀಕರಿಸಿತು. ಒಳಗೆ ಯಂತ್ರದ ಪರದೆಯ ಮೇಲೆ ಆಗ ಶೇಕಡಾ 34.