ಮಾಲೀಕರು ಬರುವ ಭಾನುವಾರ

ಡ್ಯೂಟಿ ಮುಗಿಸಿ ಬಂದ ಕಂಡಕ್ಟರ್ ಹೆಗಲ ಚೀಲ ಕೆಳಗಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತುಬಿಟ್ಟಳು. ಬೆಳಿಗ್ಗೆ ಹೋಗುವಾಗ ಕರ್ರಗಿದ್ದ ಗೋಡೆ ಈಗ ಬೆಳ್ಳಗಿತ್ತು. ಅತ್ತೆ ಸ್ಟೂಲಿನಿಂದ ಇಳಿದು, ಸುಣ್ಣದ ಕುಂಚವನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆಯುತ್ತ, ಬಹುಮಾನ ಗೆದ್ದವರಂತೆ ಸೊಸೆಯ ಮುಖ ನೋಡಿದರು.

"ಯಾಕತ್ತೆ ಹೀಗೆ ಮಾಡಿದ್ರಿ?"

"ನಾಳೆ ಮನೆ ಮಾಲೀಕರು ಬರ್ತಾರಲ್ಲ. ಆ ಗೋಡೆ ನೋಡಿದ್ರೆ ಏನಂದ್ಕೋತಾರೆ? ಮಾತು ಬರೋದು ನಿನ್ನ ಮೇಲೇ. ಹೊರಗೆ ದುಡಿಯೋಕೆ ಹೋಗೋಳು, ಮನೆ ಕೊಳಕು ಮಾಡಿಟ್ಟಿದಾಳೆ ಅಂತಾರೆ."

ಮಾಲೀಕರು ಬರುತ್ತಿದ್ದುದೇ ಆ ಕರಿ ಗೋಡೆ ನೋಡಲು. ಮೇಲಿನ ಮನೆಯ ಬಚ್ಚಲ ಪೈಪು ಗೋಡೆಯೊಳಗೆ ಒಡೆದು ನಾಲ್ಕು ತಿಂಗಳಾಗಿತ್ತು. ನೀರು ಜಿನುಗಿ ಜಿನುಗಿ ಬೂಷ್ಟು ಹಿಡಿದಿತ್ತು. ಇರುವುದು ಒಂದೇ ಕೋಣೆ, ಒಂದು ಅಡುಗೆಮನೆ. ಅತ್ತೆಯ ಮಂಚಕ್ಕೆ ಆ ಗೋಡೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಆಗ ಹತ್ತಿದ ಕೆಮ್ಮು ಈಗ ಉಬ್ಬಸವಾಗಿತ್ತು. ಗೋಡೆ ಒಣಗದೆ ನಾನು ಮದ್ದು ಕೊಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಡಾಕ್ಟರು ಹೇಳಿಯೇಬಿಟ್ಟಿದ್ದರು. ಮಾಲೀಕರಾದರೋ ಫೋನಿನಲ್ಲಿ ಒಮ್ಮೆಯೂ ಇಲ್ಲ ಅಂದವರಲ್ಲ. ಮಾಡಿಸೋಣ, ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು, ಕೊನೆಗೆ ಕಣ್ಣಾರೆ ಕಂಡ ಮೇಲೆಯೇ ಪ್ಲಂಬರನ್ನು ಕರೆಸುವುದೆಂದು ಹೇಳಿದ್ದರು. ಕಣ್ಣಿಗೆ ಕಾಣಿಸಬೇಕಾದದ್ದನ್ನೇ ಅತ್ತೆ ಬಳಿದು ಮುಚ್ಚಿದ್ದರು. ಅರವತ್ತು ಜನರ ಬಸ್ಸನ್ನು ಒಂದು ಸೀಟಿಯಲ್ಲಿ ನಿಲ್ಲಿಸುವವಳಿಗೆ ಮನೆಯಲ್ಲಿ ಒಬ್ಬ ಅತ್ತೆಯನ್ನು ನಿಲ್ಲಿಸಲು ಆಗಲಿಲ್ಲ. ಗಂಡನಿಗಾದರೂ ಹೇಳಿಕೊಳ್ಳೋಣವೆಂದರೆ ಅವನು ಲಾರಿಯ ಮೇಲೆ ಎಲ್ಲಿದ್ದನೋ.

ಆ ಭಾನುವಾರ ಮಾಲೀಕರು ಬರಲಿಲ್ಲ. ನೆಂಟರ ಮನೆಗೆ ಹೋಗಬೇಕಾಯಿತಂತೆ. ಅದರ ಮುಂದಿನ ಭಾನುವಾರ ಕಾರು ಕೆಟ್ಟಿತು. ಅದರ ಮುಂದಿನದು ಅವರಿಗೆ ಮರೆತೇಹೋಯಿತು. ಒಂದೊಂದು ಸಲವೂ ಕಂಡಕ್ಟರ್ ಯಾರ ಯಾರನ್ನೋ ಕಾಡಿ ಬೇಡಿ ಡ್ಯೂಟಿ ಬದಲಾಯಿಸಿಕೊಂಡು ಮನೆಯಲ್ಲಿ ಕೂತಳು. ಅತ್ತೆ ಒಂದೊಂದು ಸಲವೂ ಪಾತ್ರೆ ಫಳಫಳ ಬೆಳಗಿ, ನೆಲ ಒರೆಸಿ, ಹಾಸಿಗೆಗೆ ಒಗೆದ ಚಾದರ ಹಾಸಿದರು. ಗೋಡೆಯನ್ನು ಮಾತ್ರ ಯಾರೂ ಮುಟ್ಟಕೂಡದೆಂದು ಅಪ್ಪಣೆಯಾಗಿತ್ತು. ಕೈ ಗುರುತು ಬಿದ್ದರೆ ಅಷ್ಟು ಕಷ್ಟಪಟ್ಟದ್ದು ದಂಡವಲ್ಲವೇ. ರಾತ್ರಿಯಿಡೀ ಅದೇ ಗೋಡೆಯ ಪಕ್ಕ ಎದ್ದು ಕೂತು ಉಸಿರು ಎಳೆಯುವವರು ಅವರೇ. ಬೈಯೋಣವೆಂದು ಬಾಯಿ ತೆರೆದರೂ ಆ ಸದ್ದು ಕೇಳಿ ಅವಳು ಎದ್ದು ಬಿಸಿನೀರು ಕಾಯಿಸಿ ತರುತ್ತಿದ್ದಳು.

ನಾಲ್ಕನೆಯ ಭಾನುವಾರ ಅವರು ನಿಜವಾಗಿಯೂ ಬಂದರು. ಕೂರಲು ಬೇರೆ ಜಾಗವಿಲ್ಲದೆ ಅತ್ತೆಯ ಮಂಚದ ಮೇಲೆಯೇ ಕೂತು, ಕತ್ತು ತಿರುಗಿಸಿ ಗೋಡೆ ನೋಡಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ಇದು ಮೇಲೆ ಬಳಿದ ಸುಣ್ಣ, ಒಳಗೆಲ್ಲ ನೀರು, ಅತ್ತೆಗೆ ಕೆಮ್ಮಿ ಕೆಮ್ಮಿ ಉಸಿರಾಡಲು ಆಗುತ್ತಿಲ್ಲ ಎಂದು ಕಂಡಕ್ಟರ್ ಒಂದೇ ಉಸಿರಿಗೆ ಹೇಳಿದಳು. ಅಷ್ಟು ಹೊತ್ತಿಗೆ ಅತ್ತೆ ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ಒತ್ತಿ, ಬರುವ ಕೆಮ್ಮನ್ನೆಲ್ಲ ಅಲ್ಲೇ ಕೆಮ್ಮಿ ಮುಗಿಸಿ, ನಗುನಗುತ್ತ ಚಹಾ ತಂದರು.

ಮಾಲೀಕರು ಚಹಾ ಹೀರುತ್ತ ಸಮಾಧಾನವಾಗಿ ಮಾತಾಡಿದರು. ಅಮ್ಮನವರು ಗಟ್ಟಿಮುಟ್ಟಾಗಿದ್ದಾರೆ, ವಯಸ್ಸಾದ ಮೇಲೆ ಕೆಮ್ಮು ಯಾರಿಗೆ ಬರುವುದಿಲ್ಲ? ಹಾಲಿನಂಥ ಗೋಡೆಯನ್ನು ಕೈಯಾರೆ ಒಡೆಸುವುದು ಯಾವ ಜಾಣತನ? ಮನೆಯನ್ನು ಹೀಗೆ ಕನ್ನಡಿಯಂತೆ ಇಟ್ಟುಕೊಂಡವರನ್ನು ತಾವು ನೋಡಿಯೇ ಇಲ್ಲ ಎಂದರು. ಅತ್ತೆಯ ಮುಖ ಅರಳಿತು. ಕಂಡಕ್ಟರಿಗೆ ಸಿಟ್ಟು ಒತ್ತಿ ಬಂತು. ಆ ಸಿಟ್ಟು ಮಾಲೀಕರ ಮೇಲಿನದೋ ಅತ್ತೆಯ ಮೇಲಿನದೋ ಅವಳಿಗೇ ತಿಳಿಯಲಿಲ್ಲ.

"ಹಾಗಾದ್ರೆ ಸದ್ಯಕ್ಕೆ ಏನೂ ಬೇಡ ಬಿಡಿ. ಮುಂದೆ ನೋಡೋಣ," ಎಂದು ಮಾಲೀಕರು ಲೋಟ ಕೆಳಗಿಟ್ಟರು. ಮಂಚ ತಗ್ಗಿನದು, ಅವರಿಗೆ ಮಂಡಿ ನೋವು. ಏಳುವಾಗ ಆಸರೆಗೆಂದು ಗೋಡೆಗೆ ಕೈ ಕೊಟ್ಟರು. ಕೈ ಜಾರಿತು. ಅಂಗೈ ತುಂಬ ಮೆತ್ತಿದ ಸುಣ್ಣದಿಂದ ನೀರು ಮಣಿಕಟ್ಟಿಗೆ ಇಳಿಯುತ್ತಿತ್ತು. ಅವರು ಅದನ್ನು ನೋಡಿ ಪ್ರೀತಿಯಿಂದಲೇ ನಕ್ಕರು.

"ಇನ್ನೂ ಹಸಿಯಾಗಿದೆಯಲ್ಲಮ್ಮ. ನಾನು ಬರ್ತೀನಿ ಅಂತ ಬೆಳಿಗ್ಗೆ ಬೆಳಿಗ್ಗೆ ಸುಣ್ಣ ಹೊಡೆದ್ರಾ?"

ಅತ್ತೆಗೆ ಮುಖಕ್ಕೆ ಹೊಡೆದಂತಾಯಿತು. ಬರುವವರು ಬಾಗಿಲಿಗೆ ಬಂದ ಮೇಲೆ ಕುಂಚ ಹಿಡಿಯುವವರೆಂದು ಅವರನ್ನು ಇದುವರೆಗೆ ಯಾರೂ ಅಂದಿರಲಿಲ್ಲ.

"ನಾನು ಅಂಥ ಸೋಮಾರಿ ಅಲ್ಲಪ್ಪ," ಎಂದರು. "ನೀವು ಮೊದಲ್ನೇ ಸಲ ಬರ್ತೀನಿ ಅಂದಿದ್ರಲ್ಲ, ಆ ಭಾನುವಾರಕ್ಕೇ ಹೊಡೆದಿಟ್ಟಿದ್ದೆ."