ಪೈಲ್ವಾನನ ಅರಚಾಟ

ಬೆಳಗಿನ ಪತ್ರಿಕೆಯನ್ನು ಕಂಕುಳಲ್ಲಿ ಅವುಚಿಕೊಂಡು ಫಾಂಟು ಮೇಷ್ಟ್ರು ತಗ್ಗಿನ ಬೀದಿಯ ಅಕ್ಕನ ಮನೆಗೆ ಎದ್ದುಬಿದ್ದು ಓಡಿಬಂದಾಗ, ಅಕ್ಕ ಅದೇ ಪತ್ರಿಕೆಯನ್ನು ನೆಲಕ್ಕೆ ಹಾಸಿ ಬಟಾಣಿ ಸುಲಿಯುತ್ತಿದ್ದಳು. ಮುಖಪುಟದ ತುಂಬ ಇದ್ದದ್ದು ಒಂದೇ ಸಾಲು: ‘ಅಣೆಕಟ್ಟೆ ಬಿರುಕು, ಈಗಲೇ ಮನೆ ಬಿಡಿ!’ ಅದರ ಮೇಲೆ ಸಿಪ್ಪೆಯ ಗುಡ್ಡೆ.

“ಅಕ್ಕಾ, ಪೇಪರ್ ನೋಡ್ಲಿಲ್ವಾ?”

“ನೋಡ್ದೆ ಕಣೋ. ಕಣ್ಣಿಗೆ ರಾಚೋ ಹಾಗಿದೆ, ನೋಡದೆ ಇರೋಕಾಗುತ್ತಾ?”

“ಮತ್ತೆ ಆರಾಮಾಗಿ ಕೂತಿದ್ದೀಯಲ್ಲ!”

“ನಿನ್ನೆ ಯಾವಳೋ ನಟಿ ಕೂದಲು ಕತ್ತರಿಸ್ಕೊಂಡಳು ಅಂತ ಇಷ್ಟೇ ದಪ್ಪ ಹಾಕಿದ್ರಿ. ಮೊನ್ನೆ ಮಂತ್ರಿ ನಾಯಿಗೆ ನೆಗಡಿ. ಅದಕ್ಕೂ ಎದ್ದು ಓಡ್ಬೇಕಿತ್ತಾ?”

“ಇವತ್ತಿನದ್ದು ನಿಜ ಅಕ್ಕಾ!”

“ದಿನಾ ಹಾಗೇ ಅಲ್ವೇನೋ ಹೇಳೋದು?”

ಪತ್ರಿಕೆಗೆ ಅಚ್ಚಿನ ಅಕ್ಷರ ರೂಪಿಸಿಕೊಡುವ ಕೆಲಸ ಮೇಷ್ಟ್ರದು. ಮುಖಪುಟದ ಆ ಅಕ್ಷರ ಅವರದೇ ಕೂಸು. ದುಂಡು ಅಕ್ಷರಗಳ ಹೊಟ್ಟೆ ಅದುಮಿ, ಎತ್ತರಕ್ಕೆ ಎಳೆದು, ಗೆರೆಗಳಿಗೆ ಮೈ ತುಂಬಿಸಿ ಎರಡು ವರ್ಷ ತಿದ್ದಿದ್ದರು. ನಲವತ್ತು ಹೆಜ್ಜೆ ದೂರದಿಂದಲೂ ಓದಬಹುದು ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಂಡಿದ್ದರು. ಕಚೇರಿಯವರು ಅದಕ್ಕೆ ಇಟ್ಟ ಹೆಸರು ಪೈಲ್ವಾನ. “ಊರಿಗೆ ಕುತ್ತು ಬಂದ ದಿನ ಮಾತ್ರ ಇದನ್ನ ಹೊರಗೆ ತೆಗೀರಿ ಸಾರ್” ಎಂದು ಮೇಷ್ಟ್ರು ಕೈಮುಗಿದಾಗ ಸಂಪಾದಕರು ಗಂಭೀರವಾಗಿ ತಲೆಯಾಡಿಸಿದ್ದರು. ಮರುದಿನವೇ ಪೈಲ್ವಾನ ಯಾರೋ ಆಟಗಾರನ ಹೊಸ ಶೂ ಬಗ್ಗೆ ಅರಚಿದ. ಅಂದಿನಿಂದ ಪಾಪ, ಅವನಿಗೆ ಒಂದು ದಿನವೂ ರಜೆಯಿಲ್ಲ.

ಮೇಷ್ಟ್ರು ಅಕ್ಕನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

“ಅಕ್ಕಾ, ನಂಗೆ ಭಯ ಆಗ್ತಿದೆ” ಎಂದು ಪಿಸುಗುಟ್ಟಿದರು.

ಅಕ್ಕ ತಮ್ಮನ ಮುಖ ನೋಡಿದಳು. ಬಟಾಣಿಯನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದಳು.

ಇಬ್ಬರೂ ಸಿಕ್ಕ ಬಾಗಿಲುಗಳನ್ನೆಲ್ಲ ತಟ್ಟಿದರು. “ಓದಿದ್ವಿ, ಓದಿದ್ವಿ” ಎಂದು ಒಳಗಿನಿಂದಲೇ ಉತ್ತರ ಬಂತು. ದಿಬ್ಬ ಹತ್ತಿ ಉಸಿರು ಬಿಡುವಷ್ಟರಲ್ಲಿ ಸಂಪಾದಕರ ಫೋನು.

“ಮೇಷ್ಟ್ರೇ, ತಗ್ಗಿನ ಬೀದಿಯವರು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲವಂತೆ. ನಿಮ್ಮ ಪೈಲ್ವಾನ ಸಾಲೋದಿಲ್ಲ. ನಾಳೆಯೊಳಗೆ ಇನ್ನೂ ದಪ್ಪದ್ದೊಂದು ಮಾಡ್ಕೊಡ್ತೀರಾ?”

ಮೇಷ್ಟ್ರು ಹಿಂತಿರುಗಿ ನೋಡಿದರು. ಕೆಳಗೆ ಕೆಸರು ನೀರು ಹೊಸಿಲುಗಳನ್ನು ದಾಟುತ್ತಿತ್ತು. ಜನ ಮಕ್ಕಳನ್ನೆತ್ತಿಕೊಂಡು ಮಾಳಿಗೆ ಹತ್ತುತ್ತಿದ್ದರು. ಅಕ್ಕನ ಮನೆಯ ಬಾಗಿಲಿನಿಂದ ಪತ್ರಿಕೆ ಮೆಲ್ಲಗೆ ತೇಲಿಬಂತು. ಅಷ್ಟು ದೂರದಿಂದಲೂ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಓದುವಂತಿತ್ತು.