ಕಾಳಪ್ಪನ ಕೈಗೂಲಿ

ಆ ಸೀಮೆಯಲ್ಲಿ ಬೆಸುಗೆ ಹಿಡಿಯಬೇಕಾದರೆ ಕೆಲಸದ ಸರಿಯಾದ ಬೆಲೆಯನ್ನು ಬಾಯಿಬಿಟ್ಟು ಹೇಳಬೇಕಿತ್ತು. ಕಡಿಮೆ ಹೇಳಿದರೂ ಹೆಚ್ಚು ಹೇಳಿದರೂ ಕಬ್ಬಿಣ ಬಿಟ್ಟುಕೊಳ್ಳುತ್ತಿತ್ತು. ಆಯುಷ್ಯವೆಲ್ಲ ವೆಲ್ಡಿಂಗ್ ಮಾಡಿಕೊಂಡು ಬಂದ ಕಾಳಪ್ಪ ಬಡಿಗೇರನಿಗೆ ಅದು ದಿನದ ಮಾತು.

ಆದರೆ ಇವತ್ತು ಬಂದು ಕೂತವನು ಬಾಲ್ಯದ ಗೆಳೆಯ ದಸ್ತಗೀರ. ಕಾಲು ಸೋತು ಎರಡು ವರ್ಷ ಮನೆ ಹಿಡಿದಿದ್ದವನಿಗೆ ಕೈಯಿಂದ ತಿರುಗಿಸುವ ಮೂರು ಗಾಲಿಯ ಬಂಡಿ ಬೇಕಿತ್ತು. ನಾಳೆಯಿಂದ ತನ್ನ ಚಹಾದಂಗಡಿಗೆ ತಾನೇ ಹೋಗಬೇಕೆಂಬ ಹಟ.

"ನಿನ್ನ ಕಡೆ ಏನ್ ತಗೊಳ್ಳೂದಪಾ, ಪುಕ್ಕಟೆ," ಎಂದ ಕಾಳಪ್ಪ. ಬೆಸೆದ ಗಾಲಿ ಟಣ್ಣೆಂದು ಕಳಚಿ ಬಿತ್ತು.

ಮತ್ತೆ ಬೆಸೆದು, "ಪೈಪು, ರಾಡು, ಕರೆಂಟು ಸೇರಿ ಮೂರು ಸಾವಿರ," ಎಂದ. ಗಾಲಿ ಮತ್ತೆ ಬಿತ್ತು.

ದಸ್ತಗೀರ ಕೆರಳಿದ. "ನಿನ್ನ ಕೂಲಿ ಎಲ್ಲೈತಿ ಅದರಾಗ? ಕಾಲು ಹೋದುವಂತ ನನಗ ಭಿಕ್ಷಾ ಹಾಕಾಕ ಹತ್ತಿಯೇನಲೇ? ಮೂವತ್ತು ವರ್ಷ ನನ್ನ ಚಹಾ ಕುಡದಿ, ಒಂದಿನಾರ ರೊಕ್ಕ ಬಿಟ್ಟೇನೇನು?"

"ಬಿಟ್ಟಿಲ್ಲ ಬಿಡೋ, ಜಿಪುಣಾ!" ಕಾಳಪ್ಪನಿಗೆ ನಗು ಬಂತು, ನಾಚಿಕೆಯೂ ಆಯಿತು. ಕಾಳಿಕಾದೇವಿಯನ್ನು ನೆನೆದು ಮೂರನೆಯ ಸಲ ಬೆಸೆದ. "ಕೈಗೂಲಿ ಎರಡು ಸಾವಿರ. ಒಟ್ಟು ಐದು. ಒಂದ್ ರೂಪಾಯಿ ಬಿಡಂಗಿಲ್ಲ."

ಗಾಲಿ ಕಲ್ಲಿನಂತೆ ನಿಂತಿತು.

ದಸ್ತಗೀರ ರೊಕ್ಕ ಕೊಟ್ಟು ಬಂಡಿಯೇರಿದ. ಯಾರೂ ತಳ್ಳದೆ ಮಸೀದಿಯ ಏರನ್ನು ಹತ್ತಿಬಿಟ್ಟ. ಹಿಂದೆ ಕಾಳಪ್ಪ ತೇಕುತ್ತ ಓಡಿದ. "ನಿಧಾನಕ್ಕ ಹೋಗಲೇ, ನನ್ನ ಕಾಲು ನೋಯ್ತಾವು!"

ಬಂಡಿ ನಿಂತಿತು. "ಹಿಂದ ಕೂಡು, ಮನೀಗೆ ಬಿಡ್ತೀನಿ. ಬಾಡಿಗಿ ಹತ್ತು ರೂಪಾಯಿ."

ಕಾಳಪ್ಪ ಚೌಕಾಸಿ ಮಾಡದೆ ಕೊಟ್ಟು, ರಾಜನಂತೆ ಹತ್ತಿ ಕೂತ.